ಕೆರೆ ಏರಿಯ ಮೇಲೆ ಬೀಗರು

ಶಿವರಾತ್ರಿಯ ಹೊತ್ತಿಗೆ ಕೆರೆಯ ನೀರು ಹಿಂದಕ್ಕೆ ಸರಿದು ತೂಬಿನ ಹತ್ತಿರದ ಗೋಡು ಬಿರುಕು ಬಿಡತೊಡಗಿದರೆ, ಊರಿನ ನಾಲ್ಕು ಇಟ್ಟಿಗೆ ಭಟ್ಟಿಯವರ ಕಣ್ಣೂ ಅತ್ತ ಕಡೆಗೇ. ಗೋಡು ಎಂದರೆ ಮಳೆಗಾಲದಲ್ಲಿ ಹೊಲಗದ್ದೆಗಳಿಂದ ಕೊಚ್ಚಿ ಬಂದು ಕೆರೆಯಂಗಳದಲ್ಲಿ ಕೂರುವ ನುಣುಪು ಮಣ್ಣು. ತುಳಿದರೆ ಬೆಣ್ಣೆಯ ಹಾಗೆ ಹದವಾಗುತ್ತದೆ, ಅಚ್ಚಿನಿಂದ ಬಿಟ್ಟರೆ ಮೂಲೆ ಮುರಿಯುವುದಿಲ್ಲ. ಅದರ ಕೆಳಗಿರುವುದು ಬರೀ ಗರಸು, ಕಲ್ಲುಹರಳು ಬೆರೆತ ಒರಟು ಮಣ್ಣು. ಗರಸು ಬೆರೆತ ಇಟ್ಟಿಗೆ ಸುಡುವಾಗಲೇ ಸೀಳಿಬಿಡುತ್ತದೆ.

ಹಿಂದಿನ ಬೇಸಿಗೆಯಲ್ಲಿ ರಾಜೇಶ್ವರಮ್ಮನ ಪಾಲಿಗೆ ಬಂದದ್ದು ಗರಸೇ. ಗಂಡ ತೀರಿಕೊಂಡ ಮೇಲೆ ಮಗನನ್ನು ಕಟ್ಟಿಕೊಂಡು ಭಟ್ಟಿಯನ್ನು ನಿಲ್ಲಿಸದೆ ನಡೆಸಿಕೊಂಡು ಬಂದವಳು ಅವಳು. ಅವಳದು ಒಂದು ಎತ್ತಿನ ಗಾಡಿ. ಸದಾಶಿವಪ್ಪ, ಉಚ್ಚಂಗಪ್ಪ, ಚನ್ನೇಶ್ ಈ ಮೂವರಿಗೂ ಟ್ರ್ಯಾಕ್ಟರ್ ಇತ್ತು. ನಾನು ಬಿಟ್ಟರೆ ಅವನು ಹೊಡೆದುಕೊಳ್ಳುತ್ತಾನೆ, ಅವನು ಬಿಟ್ಟರೆ ಇವನು ಎಂದು ಮೂವರೂ ಪೈಪೋಟಿಯ ಮೇಲೆ ತೋಡಿದರು. ಬೇಕಾದಷ್ಟನ್ನಲ್ಲ, ಸಿಕ್ಕಷ್ಟನ್ನು. ಭಟ್ಟಿಯ ಪಕ್ಕ ಬಿದ್ದ ರಾಶಿಗಳು ಮಳೆಗೆ ಕರಗಿ ಚರಂಡಿಗೆ ಹೋದವು. ಅವಳ ಗಾಡಿ ಕೆರೆಗಿಳಿಯುವಷ್ಟರಲ್ಲಿ ಗುದ್ದಲಿ ಕಲ್ಲಿಗೆ ಬಡಿದು ಸದ್ದು ಮಾಡುತ್ತಿತ್ತು. ಸುಡುವ ಗೂಡಿನಲ್ಲಿ ಅರ್ಧ ಇಟ್ಟಿಗೆ ಸೀಳಿದವು. ಈ ಬೇಸಿಗೆಯೂ ಹಾಗೇ ಆದರೆ ಭಟ್ಟಿ ಮುಚ್ಚುವುದೊಂದೇ ದಾರಿ.

ಶಿಕಾರಿಪುರದ ಮಹಿಳಾ ಸಂಘದ ಸಭೆಯೊಂದರಲ್ಲಿ ಅವಳು ಕೊಟ್ರೇಶನನ್ನು ನೋಡಿದ್ದಳು. ಶಿವಮೊಗ್ಗದ ಯಾವುದೋ ತರಬೇತಿ ಸಂಸ್ಥೆಯವನು. ಸಣ್ಣ ದಂಧೆಯವರಿಗೆ ದಂಧೆ ಹತ್ತುಕಾಲ ಬಾಳುವುದು ಹೇಗೆ ಎಂಬುದನ್ನು ಭಾಷಣ ಮಾಡದೆ ಆಟ ಆಡಿಸಿ ಕಲಿಸುತ್ತಿದ್ದ. "ನಮ್ಮೂರಿಗೂ ಬರ್ರಿ ಮೇಷ್ಟ್ರೆ. ನಾನು ಹೇಳಿದ್ರೆ ಜಗಳ ಅಂತಾರ. ನೀವು ಆಡ್ಸಿದ್ರೆ ಆಟ ಅಂತಾರ," ಎಂದು ಕರೆದು ಬಂದಿದ್ದಳು. ಮಣ್ಣು ತೋಡುವುದಕ್ಕೆ ಇನ್ನೇನು ಶುರು ಮಾಡಬೇಕು ಅನ್ನುವ ವಾರವೇ ಅವನು ಬಂದ. ಹೆಗಲ ಚೀಲದಲ್ಲಿ ಒಂದು ಮಣ್ಣಿನ ಗಡಿಗೆ, ತುಂಬ ಹುಣಸೆ ಬೀಜ.

ಹಾಲಿನ ಸಂಘದ ಕೋಣೆಯಲ್ಲಿ ಚಾಪೆ ಹಾಸಿದ್ದರು. ಚನ್ನೇಶ್ ಬಂದವನೇ ಗಡಿಗೆಯೊಳಗೆ ಇಣುಕಿದ.

"ಏನ್ರೀ ಮೇಷ್ಟ್ರೆ, ಹುಣಸೆ ಬೀಜ ತಂದೀರಿ. ನಮ್ಮನ್ನೇನು ಶಾಲೀ ಹುಡುಗ್ರು ಅಂದ್ಕಂಡ್ರಾ?"

"ಶಾಲೆ ಹುಡುಗ್ರು ಇದನ್ನ ಬೇಗ ಕಲೀತಾರೆ ಸಾರ್. ನಿಮ್ಮಂಥೋರಿಗೇ ಸ್ವಲ್ಪ ಕಷ್ಟ," ಎಂದ ಕೊಟ್ರೇಶ್. ಚನ್ನೇಶ್ ನಕ್ಕು ಕೂತ. ಉಚ್ಚಂಗಪ್ಪ ಆಗಲೇ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಂಡಿದ್ದ.

ಸದಾಶಿವಪ್ಪ ಕೊನೆಗೆ ಬಂದ. ಅವನ ಹಿಂದೆ ಬಿಳಿ ಪಂಚೆ, ತೋಳಿಗೆ ಛತ್ರಿ ಸಿಕ್ಕಿಸಿಕೊಂಡ ಇನ್ನೊಬ್ಬರಿದ್ದರು. ಸೊರಬದ ಮಹೇಶ್ವರಪ್ಪನವರು. ಹೋದ ವರ್ಷ ಸದಾಶಿವಪ್ಪ ಮಗಳು ಗಂಗಾಶ್ರೀಯನ್ನು ಕೊಟ್ಟದ್ದು ಅವರ ಮನೆಗೇ. ಸೊಸೆಯನ್ನು ಕರೆದೊಯ್ಯಲು ಬೆಳಗಿನ ಬಸ್ಸಿಗೆ ಬಂದಿದ್ದರು. ಬೀಗರನ್ನು ಮನೆಯಲ್ಲಿ ಒಬ್ಬರನ್ನೇ ಕೂರಿಸಿ ಬರುವುದುಂಟೆ? ಜೊತೆಗೇ ಕರೆತಂದಿದ್ದ. ಎಲ್ಲರೂ ಎದ್ದು ನಿಂತರು. ಡೈರಿಯ ಒಂದೇ ಕುರ್ಚಿಯನ್ನು ಉಚ್ಚಂಗಪ್ಪ ತನ್ನ ಹೆಗಲ ಮೇಲಿನ ಟವೆಲಿನಿಂದಲೇ ಒರೆಸಿ ಹಾಕಿದ. ಮಹೇಶ್ವರಪ್ಪನವರ ಕಿರಿಯ ಮಗಳನ್ನು ತನ್ನ ಮಗನಿಗೆ ಕೇಳಬೇಕೆಂದು ಅವನು ಎಷ್ಟೋ ದಿನದಿಂದ ಯೋಚಿಸುತ್ತಿದ್ದದ್ದು ಊರಿಗೇ ಗೊತ್ತಿತ್ತು.

"ನೀವು ಆಡಿ ಮಾರಾಯ್ರೆ, ನಾನು ಸುಮ್ನೆ ನೋಡ್ತೇನೆ," ಎಂದು ಮಹೇಶ್ವರಪ್ಪ ಕೂತರು.

ಕೊಟ್ರೇಶ್ ಆಟ ಹೇಳಿಕೊಟ್ಟ. ಗಡಿಗೆಯೇ ಕೆರೆ, ಬೀಜವೇ ಗೋಡು. ಒಂದೊಂದು ಸುತ್ತೂ ಒಂದೊಂದು ಬೇಸಿಗೆ. ಒಬ್ಬೊಬ್ಬರಾಗಿ ಕೈ ಹಾಕಿ ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳಬಹುದು. ಸುತ್ತು ಮುಗಿದ ಮೇಲೆ ಮಳೆಗಾಲ. ಗಡಿಗೆಯಲ್ಲಿ ಉಳಿದದ್ದರ ಅರ್ಧದಷ್ಟನ್ನು ಅವನು ಚೀಲದಿಂದ ಸುರಿಯುತ್ತಾನೆ. ಹೆಚ್ಚು ಉಳಿದಿದ್ದರೆ ಹೆಚ್ಚು ಬರುತ್ತದೆ, ಏನೂ ಉಳಿಯದಿದ್ದರೆ ಏನೂ ಬರುವುದಿಲ್ಲ. ಆಟದ ಕೊನೆಗೆ ಯಾರ ಹತ್ತಿರ ಹೆಚ್ಚು ಬೀಜವೋ ಅವರ ಭಟ್ಟಿ ಗೆದ್ದಂತೆ.

ಅವನು ಈ ಆಟವನ್ನು ಬಹಳ ಕಡೆ ಆಡಿಸಿದ್ದ. ಎಲ್ಲ ಕಡೆಯೂ ಎರಡನೆಯ ಬೇಸಿಗೆಗೇ ಗಡಿಗೆ ಬರಿದಾಗುತ್ತಿತ್ತು. ಬರಿದಾದ ಗಡಿಗೆಯನ್ನು ನಡುವೆ ಇಟ್ಟು ಮಾತು ಶುರು ಮಾಡುವುದು ಅವನ ಕ್ರಮ. ರಾಜೇಶ್ವರಮ್ಮ ಕಾದಿದ್ದದ್ದೂ ಆ ಗಳಿಗೆಗಾಗಿಯೇ.

ಸದಾಶಿವಪ್ಪ ಮೊದಲು ಕೈ ಹಾಕಿದ. ಒಂದು ಚಿಟಿಕೆ ಬೀಜ ತೆಗೆದು ಬೀಗರ ಕಡೆ ಒಮ್ಮೆ ನೋಡಿದ. "ನಮಗಿಷ್ಟು ಸಾಕ್ರಿ. ಮುಂದಿನೋರಿಗೂ ಇರ್ಲಿ."

ಉಚ್ಚಂಗಪ್ಪ ಅದಕ್ಕಿಂತ ಕಡಿಮೆ ತೆಗೆದ. ತೆಗೆದದ್ದರಲ್ಲೂ ಒಂದೆರಡನ್ನು ವಾಪಸು ಹಾಕಿದ. "ನಂದೇನು, ಸಣ್ಣ ಸಂಸಾರ."

"ಇದೇನ್ರೀ, ಕೈ ತುಂಬ ತಗೊಳ್ರಿ," ಎಂದ ಕೊಟ್ರೇಶ್.

"ನೀವು ತಗೋರಿ ಅಣ್ಣಾರೆ," ಎಂದು ಚನ್ನೇಶ್ ಸದಾಶಿವಪ್ಪನ ಕಡೆಗೆ ಗಡಿಗೆ ತಳ್ಳಿದ.

"ಛೆ ಛೆ, ನೀ ತಗೋಳೋ. ಬೆಳೆಯೋ ಹುಡುಗ."

ಗಡಿಗೆ ಮದುವೆ ಪಂಕ್ತಿಯಲ್ಲಿ ಹೋಳಿಗೆ ಬುಟ್ಟಿ ಹೋದ ಹಾಗೆ ಕೈಯಿಂದ ಕೈಗೆ ಹೋಯಿತು, ಯಾರೂ ಎರಡನೆಯದನ್ನು ಹಾಕಿಸಿಕೊಳ್ಳಲಿಲ್ಲ. ಮಳೆಗಾಲ ಬಂತು, ಕೊಟ್ರೇಶ್ ಸುರಿದ. ಮತ್ತೊಂದು ಬೇಸಿಗೆ, ಮತ್ತೊಂದು ಮಳೆಗಾಲ. ಗಡಿಗೆ ಕಂಠದ ತನಕ ತುಂಬಿ ಬೀಜ ಚಾಪೆಯ ಮೇಲೆ ಚೆಲ್ಲಿತು. ಕೊಟ್ರೇಶನ ಚೀಲದಲ್ಲಿ ಬೀಜ ಮುಗಿಯಿತು.

"ನೋಡ್ರಿ ಮೇಷ್ಟ್ರೆ," ಸದಾಶಿವಪ್ಪ ಪಂಚೆ ಸರಿಮಾಡಿಕೊಂಡ, "ನಮ್ಮೂರಾಗೆ ಆಸೆಬುರುಕರು ಇಲ್ಲ. ನೀವು ಬ್ಯಾರೆ ಊರಿಗೆ ಹೇಳಿಕೊಡ್ರಿ ಇದನ್ನ."

"ಒಳ್ಳೇ ಜನ ಮಾರಾಯ್ರೆ," ಎಂದು ಮಹೇಶ್ವರಪ್ಪ ತಲೆದೂಗಿದರು. "ನಮ್ಮ ಕಡೆ ಹೀಗಿಲ್ಲ."

ರಾಜೇಶ್ವರಮ್ಮ ಚೆಲ್ಲಿದ ಬೀಜಗಳನ್ನು ಒಂದೊಂದಾಗಿ ಹೆಕ್ಕುತ್ತಾ ಕೂತಳು. ಇವರು ಈಗ ಒಳ್ಳೆಯವರೆಂಬ ಹೆಸರು ಹೊತ್ತು ಮನೆಗೆ ಹೋಗುತ್ತಾರೆ, ಶಿವರಾತ್ರಿ ಮುಗಿದ ಮಾರನೆಯ ಬೆಳಗ್ಗೆಯೇ ಮೂರು ಟ್ರ್ಯಾಕ್ಟರ್ ಕೆರೆಗಿಳಿಯುತ್ತವೆ. ಹೋದ ಬೇಸಿಗೆಯ ಮಾತು ತೆಗೆಯಬೇಕೆಂದು ಬಾಯಿಯವರೆಗೆ ಬಂತು. ಆದರೆ ಬೀಗರ ಎದುರಿಗೆ ಸದಾಶಿವಪ್ಪನ ಮಾನ ತೆಗೆದರೆ ಅದನ್ನು ಅವನು ಸಾಯುವ ತನಕ ಮರೆಯುವುದಿಲ್ಲ. ಊರೂ ಅವಳದೇ ತಪ್ಪು ಅನ್ನುತ್ತದೆ.

ಅವಳು ಸೆರಗು ಕೊಡವಿಕೊಂಡು ಎದ್ದಳು.

"ಯಜಮಾನ್ರೆ, ನೀವು ಸೊರಬದಾಗೆ ಕೊಟ್ಟಿಗೆ ಕಟ್ಟಸ್ತೀರಂತ ಗಂಗಾಶ್ರೀ ಹೇಳ್ತಿದ್ಲು. ನಮ್ಮ ಭಟ್ಟಿ ಇಲ್ಲೇ ಹಿಂದೈತಿ. ಬರ್ರಿ, ಇಟ್ಟಿಗೆ ನೋಡ್ಕಂಡು ಒಂದ್ಲೋಟ ಮಜ್ಜಿಗೆ ಕುಡ್ದು ಬರೋಣಂತೆ." ಆಮೇಲೆ ಕೊಟ್ರೇಶನ ಕಡೆ ತಿರುಗಿದಳು. "ಮೇಷ್ಟ್ರೆ, ಅಷ್ಟರಾಗ ಇನ್ನೊಂದು ಆಟ ಆಡ್ಸಿರಿ. ನನ್ನ ಪಾಲಿಂದು ನೀವೇ ತಗೀರಿ."

ಮಹೇಶ್ವರಪ್ಪ ಛತ್ರಿ ತೆಗೆದುಕೊಂಡು ಎದ್ದರು. ಕೊಟ್ರೇಶ್ ಅವಳ ಮುಖ ನೋಡಿದ, ಖಾಲಿಯಾದ ಕುರ್ಚಿ ನೋಡಿದ. ಬೀಜಗಳನ್ನೆಲ್ಲ ಮತ್ತೆ ಗಡಿಗೆಗೆ ಸುರಿದ.

ಭಟ್ಟಿಯ ಹತ್ತಿರ ಬಿಸಿಲು ಇನ್ನೂ ಹದವಾಗಿತ್ತು. ಮಹೇಶ್ವರಪ್ಪ ಮಜ್ಜಿಗೆ ಕುಡಿದು, ಒಂದು ಇಟ್ಟಿಗೆಯನ್ನು ಎತ್ತಿ ಇನ್ನೊಂದಕ್ಕೆ ತಟ್ಟಿದರು. ಠಣ್ ಎಂದಿತು. ಪಕ್ಕದ ರಾಶಿಯಿಂದ ಮತ್ತೊಂದನ್ನು ಎತ್ತಿ ತಟ್ಟಿದರು. ಅದು ಕೈಯಲ್ಲೇ ಎರಡು ಹೋಳಾಯಿತು. ಒಳಗೆ ಗರಸಿನ ಹರಳುಗಳು.

"ಇದೆಂತದು ಅಕ್ಕಾ? ಎರಡೂ ನಿಮ್ಮದೇ ಅಲ್ವಾ?"

"ಎರಡೂ ನಮ್ಮದೇ ರೀ. ಅದು ಹಿಂದಿಂದು, ಇದು ಹೋದ ಬ್ಯಾಸಿಗೇದು. ಗೋಡು ಮುಗೀತು."

"ಯಾರು ಮುಗಿಸಿದ್ರು?"

ಅವಳು ಲೋಟ ತೆಗೆದುಕೊಂಡಳು. "ನಾವೇ ರೀ, ಊರೋರು."

ಮಹೇಶ್ವರಪ್ಪ ಒಡೆದ ಹೋಳುಗಳನ್ನು ರಾಶಿಯ ಮೇಲೆ ಮೆಲ್ಲಗೆ ಇಟ್ಟು, ಕೈ ಒರೆಸಿಕೊಂಡು, ದನ ಎಷ್ಟು ಹಾಲು ಕೊಡುತ್ತದೆ ಎಂದು ವಿಚಾರಿಸಿದರು. ಅವಳು ಆತುರಪಡಲಿಲ್ಲ. ಹಸಿ ಇಟ್ಟಿಗೆ ಒಣಗಿಸುವ ಅಂಗಳ ತೋರಿಸಿದಳು, ಭತ್ತದ ಹೊಟ್ಟಿನ ರಾಶಿ ತೋರಿಸಿದಳು. ಹಾಲಿನ ಸಂಘದ ಕಡೆಯಿಂದ ಒಮ್ಮೆ ಗದ್ದಲ ಕೇಳಿಬಂತು, ಚನ್ನೇಶನ ಧ್ವನಿ ಎಲ್ಲಕ್ಕಿಂತ ಮೇಲಿತ್ತು. ಆಮೇಲೆ ತಣ್ಣಗಾಯಿತು. ಆಗ ಅವಳು, "ಹೋಗೋಣ್ರೀ," ಎಂದಳು.

ಅವರು ಬಾಗಿಲಿಗೆ ಬಂದಾಗ ಗಡಿಗೆ ಚಾಪೆಯ ಮೇಲೆ ಅಡ್ಡ ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ. ಕೊಟ್ರೇಶ್ ಅದರ ಪಕ್ಕ ಕೈಕಟ್ಟಿ ಕೂತಿದ್ದ. ಅವನ ಮುಂದೆ, ರಾಜೇಶ್ವರಮ್ಮನ ಪಾಲು ಎಂದು, ನಾಲ್ಕೈದು ಬೀಜ ಬಿದ್ದಿದ್ದವು. ಚನ್ನೇಶನ ಅಂಗಿಯ ಜೇಬು ಉಬ್ಬಿ ಜೋತಿತ್ತು. ಉಚ್ಚಂಗಪ್ಪ ಟವೆಲಿನ ಗಂಟನ್ನು ಮಂಡಿಯ ಕೆಳಗೆ ಒತ್ತಿಕೊಂಡಿದ್ದ. ಸದಾಶಿವಪ್ಪನ ಮುಂದೆ ಮಾತ್ರ ಒಂದು ಬೀಜವೂ ಕಾಣುತ್ತಿರಲಿಲ್ಲ.

ಆದರೆ ಬೀಗರು ಹೊಸ್ತಿಲು ದಾಟಿದರೆ ಕೂತೇ ಇರಲು ಬರುವುದಿಲ್ಲ. ಸದಾಶಿವಪ್ಪ ಅಭ್ಯಾಸಬಲದಿಂದ ಥಟ್ಟನೆ ಎದ್ದು ನಿಂತ. ಮಡಿಲಿನಲ್ಲಿ ಪಂಚೆಯ ಮಡಿಕೆಯೊಳಗೆ ಸೇರಿಸಿಟ್ಟಿದ್ದ ಬೀಜಗಳೆಲ್ಲ ಜರ್ರನೆ ಸುರಿದು, ಚಾಪೆ ದಾಟಿ, ಸಿಮೆಂಟಿನ ನೆಲದ ಮೇಲೆ ಕುಣಿಯುತ್ತ ಮಹೇಶ್ವರಪ್ಪನವರ ಕಾಲಿನ ತನಕ ಹೋದವು.

ಮಹೇಶ್ವರಪ್ಪ ಬಗ್ಗಿ ಒಂದು ಬೀಜ ಎತ್ತಿಕೊಂಡರು. ಗಡಿಗೆಯ ಕಡೆ ನೋಡಿದರು.

"ಇದು ಎಷ್ಟನೇ ಬೇಸಿಗೆ ಮೇಷ್ಟ್ರೆ?"

"ಎರಡನೇದು ಸಾರ್."

"ಹೌದಾ," ಎಂದು ಅವರು ಕುರ್ಚಿಯಲ್ಲಿ ಕೂತರು. ಅಷ್ಟೇ.

ಮೊದಲು ನಕ್ಕವನು ಚನ್ನೇಶ್. ತಡೆಯಲಾರದೆ ನಕ್ಕ, ಜೇಬಿನ ಬೀಜಗಳೂ ಅವನೊಂದಿಗೆ ಗಲಗಲಿಸಿದವು. "ಅಣ್ಣಾರೆ, ನಿಮ್ಮ ಬೀಗ್ರು ಕುರ್ಚಿ ಮ್ಯಾಲೆ ಕುಂತಿರಾ ತನಕ ಗಡಿಗಿ ತುಂಬಿ ಚೆಲ್ತು ನೋಡ್ರಿ. ಎದ್ದು ಹೋದ್ರು, ತಳ ಕಂಡ್ತು. ಮಣ್ಣು ಹೊಡಿಯೋ ದಿನ ಕೆರೆ ಏರಿ ಮ್ಯಾಲೂ ಬೀಗ್ರನ್ನೇ ಕುಂದ್ರಸಬೇಕು!"

"ಬಾಯಿ ಮುಚ್ಚಲೇ," ಎಂದ ಸದಾಶಿವಪ್ಪ. ಅವನ ಕಿವಿಗಳು ಕೆಂಪಾಗಿದ್ದವು.

"ಯಾಕಣ್ಣಾರೆ?" ಎಂದಳು ರಾಜೇಶ್ವರಮ್ಮ. ಅವಳು ನಗುತ್ತಿರಲಿಲ್ಲ. "ಅವನು ತಮಾಷಿಗಂದ. ನಾನು ನಿಜವಾಗ್ಲೂ ಕೇಳ್ತೀನಿ, ಕುಂದ್ರಸೋಣ. ಬ್ಯಾಸಿಗೆಯಾಗೆ ಯಾರ ಮನಿಗೆ ಬೀಗ್ರು ಬರಲ್ಲ? ಬಂದೋರು ಒಂದೊಪ್ಪತ್ತು ಏರಿ ಮ್ಯಾಲೆ ಕೂರ್ತಾರ. ಕಾವಲು ಅಂತಲ್ಲ, ಸುಮ್ನೆ. ಅವ್ರು ಕುಂತಿದ್ರೆ ನಾವೇ ಹದ್ದುಬಸ್ತಿನಾಗೆ ಇರ್ತೀವಿ."

ಕೊಟ್ರೇಶ್ ತಯಾರಿಸಿಕೊಂಡು ಬಂದಿದ್ದ ಮಾತುಗಳನ್ನು ಹಾಗೇ ಬಿಟ್ಟ. "ಹಾಗಾದ್ರೆ ಮೂರನೇ ಆಟ ಆಡೋಣ," ಎಂದ. "ಈ ಸಲ ಗೆಲ್ಲೋದು ಗಡಿಗೆ. ಗಡಿಗೆ ತಳ ಕಾಣದ ಹಾಗೆ ಯಾರಿಗೆಷ್ಟು ಅಂತ ನೀವೇ ಹೇಳ್ಬೇಕು."

ಆಟ ಮಧ್ಯಾಹ್ನದ ಚಿತ್ರಾನ್ನ ಬರುವ ತನಕ ನಡೆಯಿತು. ಟ್ರ್ಯಾಲಿಗೂ ಗಾಡಿಗೂ ಒಂದೇ ಅಳತೆ ಹೇಗೆ ಎಂದು ಉಚ್ಚಂಗಪ್ಪ ತಗಾದೆ ತೆಗೆದ. ಬುಟ್ಟಿಯ ಲೆಕ್ಕವಾಗಲಿ ಎಂದಾಯಿತು. ತನ್ನದು ದೊಡ್ಡ ಭಟ್ಟಿ, ಆಳು ಹೆಚ್ಚು ಎಂದ ಸದಾಶಿವಪ್ಪ. ಉಳಿದವರ ಒಂದು ಬುಟ್ಟಿಗೆ ಅವನಿಗೆ ಎರಡು ಎಂದಾಯಿತು. ರಾಜೇಶ್ವರಮ್ಮ ಅದಕ್ಕೆ ಒಪ್ಪಿದಳು. ಸಮವಲ್ಲದಿದ್ದರೂ ಗೋಡು ಸಿಕ್ಕರೆ ಸಾಕಿತ್ತು ಅವಳಿಗೆ. ಗುದ್ದಲಿ ಮೊದಲ ಕಲ್ಲಿಗೆ ಬಡಿದ ಸದ್ದು ಕೇಳಿದ ದಿನ ಎಲ್ಲರೂ ನಿಲ್ಲಿಸುವುದೆಂದು ಹೇಳಿದ್ದು ಮಾತ್ರ, ಆಶ್ಚರ್ಯವೆಂದರೆ, ಸದಾಶಿವಪ್ಪನೇ. ಹೇಳುವಾಗ ಅವನು ಬೀಗರ ಕಡೆ ನೋಡಲಿಲ್ಲ.

ಶಿವರಾತ್ರಿ ಮುಗಿದು ಮಣ್ಣು ತೋಡುವ ಮೊದಲ ದಿನ, ಒಪ್ಪಿಕೊಂಡಿದ್ದಂತೆ, ಮಹೇಶ್ವರಪ್ಪ ಶಿರಾಳಕೊಪ್ಪದ ಮೇಲೆ ಬರುವ ಬಸ್ಸಿಳಿದು, ನೇರ ಕೆರೆ ಏರಿಗೇ ನಡೆದು ಬಂದರು. ತೂಬಿನ ಕಲ್ಲಿನ ಮೇಲೆ ಛತ್ರಿ ಬಿಚ್ಚಿ ಕೂತರು. ಸದಾಶಿವಪ್ಪನ ಮನೆಯಿಂದ ಚಹಾ ಬಂತು, ಉಚ್ಚಂಗಪ್ಪನ ಮನೆಯಿಂದ ಮಂಡಕ್ಕಿ ಮೆಣಸಿನಕಾಯಿ ಬಂತು. ಅವರು ಯಾರಿಗೂ ಏನೂ ಹೇಳಲಿಲ್ಲ. ಹೆಚ್ಚಿನ ಹೊತ್ತು ನೀರುಕೋಳಿಗಳನ್ನು ನೋಡುತ್ತಿದ್ದರು.

"ನಾಳೆ ಬಂದಳಿಕೆಯಿಂದ ನಂಗೆ ಹೆಣ್ಣು ಕೊಟ್ಟ ಮಾವ ಬರ್ತಾನೆ ರಾಜಕ್ಕ," ಎಂದು ಚನ್ನೇಶ್ ಟ್ರ್ಯಾಲಿಯ ಮರೆಯಲ್ಲಿ ಪಿಸುಗುಟ್ಟಿದ. "ಮಣ್ಣಂತೂ ಉಳೀತು ಬಿಡು. ನಾನು ಇಡೀ ದಿನ ಬೀಡಿ ಇಲ್ದೆ ಸಾಯ್ಬೇಕು."

ಟ್ರ್ಯಾಲಿಗಳು ಅರ್ಧವೇ ತುಂಬಿ ಏರಿ ಹತ್ತಿದವು. ರಾಜೇಶ್ವರಮ್ಮನ ಗಾಡಿಯ ಸರದಿ ಬಂತು. ಗುದ್ದಲಿ ಮೆತ್ತಗೆ ಇಳಿಯಿತು, ಎದ್ದ ಹೆಂಟೆ ಕಪ್ಪಗೆ, ತಂಪಾಗಿ ಹೊಳೆಯುತ್ತಿತ್ತು. ಅವಳು ಬೆರಳಿನಲ್ಲಿ ಉಜ್ಜಿ ನೋಡಿದಳು. ಹರಳಿಲ್ಲ. ಪಾಲಿನ ಬುಟ್ಟಿಗಳು ಮುಗಿದವು. ಅವಳ ಕೈ ತಾನಾಗಿಯೇ ಇನ್ನೊಂದು ಬುಟ್ಟಿ ತುಂಬಿತು. ಹೋದ ವರ್ಷದ ನಷ್ಟಕ್ಕೆ ಇದೊಂದು ಹೆಚ್ಚೇನಲ್ಲ ಅನ್ನಿಸಿತು. ಸೊಂಟಕ್ಕೆ ಎತ್ತಿಕೊಂಡು ತಿರುಗಿದಳು. ಏರಿಯ ಮೇಲೆ ಛತ್ರಿ ಇತ್ತು. ಅದರ ಕೆಳಗಿದ್ದವರು ನೀರಿನ ಕಡೆ ನೋಡುತ್ತಿದ್ದರು, ಅವಳ ಕಡೆಗಲ್ಲ.

ಒಂದು ಗಳಿಗೆ ನಿಂತಳು. ಆಮೇಲೆ ಬುಟ್ಟಿಯನ್ನು ಕುಣಿಗೇ ಬಗ್ಗಿಸಿ ಸುರಿದಳು.

ಚನ್ನೇಶ್ ನೋಡಿಬಿಟ್ಟಿದ್ದ. "ಯಾಕ ರಾಜಕ್ಕ, ಅವ್ರೇನು ನಿಂಗೆ ಬೀಗ್ರಲ್ಲವಲ್ಲ?"

"ಮನಿಯಾಗೆ ಮದುವಿಗೆ ಬಂದ ಮಗ ಅದಾನೋ," ಎಂದಳು ಅವಳು ಖಾಲಿ ಬುಟ್ಟಿಯನ್ನು ಗಾಡಿಗೆ ಎಸೆಯುತ್ತ. "ಯಾವ ಊರಿನ ಬಸ್ಸಿಗೆ ಯಾರು ಬೀಗ್ರಾಗಿ ಬರ್ತಾರೋ, ಹೆಂಗೆ ಹೇಳ್ಲಿ?"

ಅವಳು ಎತ್ತುಗಳನ್ನು ಹೊರಡಿಸಿದಳು. ಗಾಡಿ ನಿಧಾನವಾಗಿ ಏರಿ ಹತ್ತಿತು. ಮಹೇಶ್ವರಪ್ಪ ಕಾಲು ಸರಿಸಿ ದಾರಿ ಬಿಟ್ಟರು.