ಒಳಗೆ ಬಿಡದ ಎರಡಿಂಚು

"ಇವಳು ಇಳೀಲೇಬೇಕಾ?" ಟೈಲರ್ ಕೇಳಿದ.

"ಇಳಿದ್ರೆ ಒಳ್ಳೇದು ಸರ್. ಗಾಡಿ ಖಾಲಿ ಇದ್ರೇನೇ ಅಳತೆ ಸರಿಯಾಗಿ ಸಿಗೋದು," ಎಂದ ವೀಲ್ ಅಲೈನ್‌ಮೆಂಟ್ ಮಾಡುವವನು. ಬೀದಿಯವರೆಲ್ಲ ಅವನನ್ನು ಡಿಗ್ರಿ ಎಂದೇ ಕರೆಯುತ್ತಿದ್ದರು. ಒಂಬತ್ತನೇ ತರಗತಿಯಲ್ಲಿ ಎರಡು ಸಲ ಫೇಲಾದವನು ಈಗ ದಿನವಿಡೀ ಚಕ್ರಗಳ ವಾಲುವಿಕೆಯನ್ನು ಡಿಗ್ರಿಗಳಲ್ಲಿ ಹೇಳುತ್ತಿದ್ದ.

"ಗಣಿತಕ್ಕೆ ಹನ್ನೊಂದು ಕೊಟ್ಟಿದ್ದೆ ಅಂತ ಹಗೆ ಸಾಧಿಸ್ತಿದೀಯೇನೋ?" ಮುಂದಿನ ಸೀಟಿನಿಂದ ಟೈಲರನ ಹೆಂಡತಿ ಕೇಳಿದಳು.

"ಎರಡನೇ ಸಲ ಹದಿನಾಲ್ಕು ಟೀಚರ್."

ಅವಳು ಕಾಲುಗಳನ್ನು ಹೊರಕ್ಕೆ ಜಾರಿಸಿ, ಬಾಗಿಲು ಹಿಡಿದು ನಿಂತಳು. ಇಳಿಯುವುದು ಅಷ್ಟು ಕಷ್ಟವಿರಲಿಲ್ಲ, ಹತ್ತುವುದೇ ಕಷ್ಟ. ಮೂರು ವರ್ಷದಿಂದ ಅವಳ ತೊಡೆಯ ಸ್ನಾಯುಗಳು ಕರಗುತ್ತಿದ್ದವು. ಇದಕ್ಕೆ ಮದ್ದಿಲ್ಲವೆಂದು ಇಬ್ಬರು ವೈದ್ಯರು ಹೇಳಿಯಾಗಿತ್ತು. "ಎತ್ತಿ ಕೂರಿಸೋ ದಿನ ಬಂತೂಂದ್ರೆ ಅವತ್ತೇ ಸ್ಕೂಲು ಬಿಡ್ತೀನಿ," ಎಂದು ಅವಳು ಆಗಲೇ ಹೇಳಿಟ್ಟಿದ್ದಳು.

ಆ ದಿನವನ್ನು ದೂರವಿಡಲು ಟೈಲರ್ ಹೋದ ವರ್ಷ ಕೊರಳಲ್ಲಿದ್ದ ಟೇಪು ತೆಗೆದು ನೆಲದಿಂದ ಸೀಟಿನವರೆಗೆ ಅಳೆದಿದ್ದ. ಇಪ್ಪತ್ತೊಂದು ಇಂಚು. ಹತ್ತೊಂಬತ್ತಾದರೆ ಅವಳು ತಾನೇ ಹತ್ತಬಲ್ಲಳು. ಗಾಡಿ ತಗ್ಗಿಸಿಕೊಡು ಎಂದರೆ ಡಿಗ್ರಿ ಒಪ್ಪಲಿಲ್ಲ, ವೆಲ್ಡಿಂಗ್ ಅಂಗಡಿಯವನು ಒಪ್ಪಿದ. ನಾಲ್ಕೂ ಸ್ಪ್ರಿಂಗುಗಳಿಂದ ಒಂದೊಂದು ಸುತ್ತು ಕತ್ತರಿಸಿ ಗುಜರಿಗೆ ಎಸೆದ. ಗಾಡಿ ಸರಿಯಾಗಿ ಎರಡಿಂಚು ಕೆಳಗಿಳಿಯಿತು. ಎಂಟು ತಿಂಗಳು ಅವಳು ತಾನೇ ಹತ್ತಿ ಶಾಲೆಗೆ ಹೋದಳು. ಆದರೆ ಸ್ಟಿಯರಿಂಗ್ ದಿನದಿನಕ್ಕೂ ಎಡಕ್ಕೆ ಎಳೆಯುತ್ತಿತ್ತು. ಈಚೆಗೆ ಮುಂದಿನ ಟೈರುಗಳು ಊಳಿಡಲು ಶುರುಮಾಡಿದ್ದವು.

ಡಿಗ್ರಿ ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ, ನಾಲ್ಕು ಚಕ್ರಗಳಿಗೂ ಸೆನ್ಸರ್ ಕಚ್ಚಿಸಿದ. ಕೆಳಗೆ ನಿಂತು ಅರ್ಧ ಗಂಟೆ ಸ್ಪಾನರ್ ತಿರುಗಿಸಿದ. ಪರದೆಯ ಮೇಲೆ ಒಂದು ಸಾಲು ಕೆಂಪಿನಿಂದ ಹಸಿರಿಗೆ ಬಂತು. ಇನ್ನೊಂದು ಬರಲಿಲ್ಲ.

"ಮೈನಸ್ ಎರಡು ಡಿಗ್ರಿ, ಹತ್ತು ಮಿನಿಟು," ಸ್ಟೂಲಿನ ಮೇಲೆ ಕೂತಿದ್ದ ಅವಳು ಓದಿದಳು. "ಎಷ್ಟಿರಬೇಕಿತ್ತು?"

"ಅರ್ಧ ಡಿಗ್ರಿಯೊಳಗೆ ಟೀಚರ್."

"ನಿನ್ನ ಅಂಕಪಟ್ಟಿ ಥರಾನೇ ಇದೆ."

"ಇನ್ನೊಂಚೂರು ತಿರುಗಿಸಪ್ಪಾ," ಎಂದ ಟೈಲರ್.

"ತಿರುಗಿಸೋಕೆ ಅಲ್ಲೇನೂ ಇಲ್ಲ ಸರ್. ಚಕ್ರದ ಮೂತಿ ನೇರ ಮಾಡಬಹುದು, ಮಾಡಿದೀನಿ. ತಲೆ ಒಳಗೆ ವಾಲಿರೋದು ಗಾಡಿ ಕೂತಿರೋದ್ರಿಂದ. ಕೂತಿರೋವರೆಗೂ ಅದು ಹಾಗೇನೇ." ಅವನು ಟಾರ್ಚ್ ಹಾಕಿ ಟೈರಿನ ಒಳಅಂಚು ತೋರಿಸಿದ. ರಬ್ಬರ್ ಸವೆದು ತಂತಿ ಮಿನುಗುತ್ತಿತ್ತು. "ಹೊರಗಿಂದ ನೋಡಿದ್ರೆ ಹೊಸದು. ಟೀಚರನ್ನ ಕೂರಿಸ್ಕೊಂಡು ಹೋಗುವಾಗ ಒಡೆದ್ರೆ?"

ಟೈಲರ್ ಆ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

"ನನ್ನ ಪ್ಯಾಂಟು ಗಿಡ್ಡ ಮಾಡುವಾಗ ಎರಡಿಂಚು ಒಳಗೆ ಮಡಚಿ ಹೊಲೀತೀರಲ್ಲ ಸರ್. ಬೇಕಂದ್ರೆ ಬಿಚ್ಚಬಹುದು. ಇದರಲ್ಲಿ ಏನೂ ಬಿಟ್ಟಿಲ್ವಲ್ಲ."

ಮೂವತ್ತೊಂದು ವರ್ಷದಲ್ಲಿ ಟೈಲರ್ ಯಾರ ಬಟ್ಟೆಯನ್ನೂ ಕತ್ತರಿಸಿ ಗಿಡ್ಡ ಮಾಡಿದವನಲ್ಲ. ಮಕ್ಕಳು ಬೆಳೆಯುತ್ತಾರೆ, ದೊಡ್ಡವರು ದಪ್ಪಗಾಗುತ್ತಾರೆ, ಒಳಗೆ ಬಟ್ಟೆ ಇರಬೇಕು ಎನ್ನುತ್ತಿದ್ದ. ಅವನು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ.

"ಹೊಸ ಸ್ಪ್ರಿಂಗ್ ಹಾಕಿದ್ರೆ?"

"ಎಲ್ಲಾ ಸರಿಹೋಗುತ್ತೆ. ಗಾಡಿ ಮೊದಲಿನ ಎತ್ತರಕ್ಕೇ ಬರುತ್ತೆ."

"ಇಪ್ಪತ್ತೊಂದು."

"ಹೌದು. ಈ ಮಾಡೆಲ್‌ಗೆ ಗಿಡ್ಡ ಸ್ಪ್ರಿಂಗ್ ಬರೋದಿಲ್ಲ ಸರ್."

"ಹಾಗಾದ್ರೆ ಬೇಡ. ಟೈರು ಬದಲಾಯಿಸ್ತೀನಿ. ನಿಧಾನಕ್ಕೆ ಓಡಿಸ್ತೀನಿ."

"ಸ್ಪ್ರಿಂಗ್ ತರಿಸಿಬಿಡಪ್ಪ," ಎಂದಳು ಅವಳು.

"ನಿನಗೆ ಹತ್ತೋಕಾಗುತ್ತೇನೇ?"

ಅವಳು ಪರದೆಯನ್ನೇ ನೋಡುತ್ತಿದ್ದಳು.

ಸ್ಪ್ರಿಂಗ್ ಬರಲು ಎರಡು ದಿನ ಬೇಕಿತ್ತು. ಡಿಗ್ರಿ ತನ್ನ ಬಳಿಯಿದ್ದ ಎರಡು ಹಳೇ ಟೈರುಗಳನ್ನು ಮುಂದೆ ಹಾಕಿ, ಗಾಡಿಯನ್ನು ಇಳಿಸಿ ಗ್ಯಾರೇಜಿನ ನಡುವೆ ನಿಲ್ಲಿಸಿದ. ಸಮನಾದ ಸಿಮೆಂಟು ನೆಲ. ಟೈಲರ್ ಎಂದಿನಂತೆ ಬಾಗಿಲು ತೆಗೆದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ. ಸಹಾಯಕ್ಕೆ ಕೈ ಚಾಚಿದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಅವಳು ಸೀಟಿಗೆ ಬೆನ್ನು ಮಾಡಿ, ತುದಿಬೆರಳ ಮೇಲೆ ಎದ್ದಳು. ಮೇಲೇರಲಾಗಲಿಲ್ಲ. ಎರಡನೇ ಸಲ ಬಾಗಿಲು ಹಿಡಿದಳು. ಆಗಲೂ ಆಗಲಿಲ್ಲ. ಮೂರನೇ ಸಲ ಪಾದವೇ ನೆಲ ಬಿಡಲಿಲ್ಲ.

ಟೈಲರನಿಗೆ ಆಗ ಹೊಳೆಯಿತು. ಒಂದು ತಿಂಗಳಿಂದ ಮನೆಯ ಮುಂದೆ ಗಾಡಿಯನ್ನು ಮೆಟ್ಟಿಲಿಗೆ ತಾಗಿಸಿ ನಿಲ್ಲಿಸು ಎನ್ನುತ್ತಿದ್ದಳು, ಶಾಲೆಯ ಬಳಿ ಫುಟ್‌ಪಾತಿಗೆ ಒತ್ತಿ. ಬಿಸಿಲು, ಧೂಳು, ಬಸ್ಸು ಅಂತ ಏನೇನೋ ಕಾರಣ ಕೊಡುತ್ತಿದ್ದಳು. ಅವನೂ ನಂಬಿದ್ದ. ಫುಟ್‌ಪಾತು ಆರಿಂಚು. ಅದರ ಮೇಲೆ ನಿಂತರೆ ಸೀಟು ಹದಿಮೂರೇ ಇಂಚು.

"ಯಾವಾಗಿಂದ?"

"ಲೆಕ್ಕ ಇಟ್ಟಿಲ್ಲ," ಎಂದಳು ಗಣಿತದ ಟೀಚರು. ಆಮೇಲೆ, "ಎತ್ರೀ," ಎಂದಳು.

ಡಿಗ್ರಿ ಪರದೆಯ ಕಡೆ ತಿರುಗಿ, ಆಗಲೇ ಆಫ್ ಮಾಡಿದ್ದ ಯಂತ್ರದ ಗುಂಡಿಯನ್ನು ಮತ್ತೆ ಒತ್ತಿದ.

ಟೈಲರ್ ಬಗ್ಗಿ, ಒಂದು ತೋಳನ್ನು ಅವಳ ಬೆನ್ನಿಗೆ, ಇನ್ನೊಂದನ್ನು ಮೊಣಕಾಲ ಕೆಳಗೆ ಕೊಟ್ಟು ಎತ್ತಿ ಕೂರಿಸಿದ. ಕೆಳಗೆ ಸ್ಪ್ರಿಂಗ್ ಕಟಕ್ಕೆಂದಿತು. ಅವಳು ಸೆರಗನ್ನು ತಾನೇ ಒಳಗೆ ಎಳೆದುಕೊಂಡಳು. ಅವನು ಬಾಗಿಲು ಹಾಕಿ, ಆ ಕಡೆ ಹೋಗಿ ಕೂತ.

ಗಾಡಿ ಹೊರಟಾಗ ಡಿಗ್ರಿ ನೋಡಿದ. ಬಗ್ಗಿದಾಗ ಕೊರಳಿಂದ ಜಾರಿದ್ದ ಟೇಪು ಅವಳ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡು, ತುದಿ ಎರಡಿಂಚು ಹೊರಗೆ ನೇತಾಡುತ್ತಿತ್ತು. ಅವನು ಕೂಗಿದ. ಅವರಿಗೆ ಕೇಳಿಸಲಿಲ್ಲ. ಗಾಡಿ ಸ್ವಲ್ಪ ಎಡಕ್ಕೆ ಎಳೆಯಿತು, ನೇರವಾಯಿತು, ಮತ್ತೆ ಎಡಕ್ಕೆ ಎಳೆಯುತ್ತ ಬೀದಿಯುದ್ದಕ್ಕೂ ಹೋಯಿತು.