ಬೆಂಕಿಪೊಟ್ಟಣದ ಎತ್ತರ

"ಬಗ್ಗೇ ಮುದುಕಿ, ಇನ್ನೂ ಬಗ್ಗು! ನೆಲದಲ್ಲಿ ನಿನ್ನ ಗಂಡ ಮಲಗಿದ್ದಾನೆ ಅಂದ್ಕೊಂಡು ಬಗ್ಗು!"

ಮೇಸ್ತ್ರಿ ಹೀಗೆ ಕೂಗಿದ್ದು ನನ್ನ ಅತ್ತೆಗೆ. ನಾವು ಹದಿನಾಲ್ಕು ಜನ ಸಾಲಾಗಿ ಕೂತು ಗೋಧಿ ಕೊಯ್ಯುತ್ತಿದ್ದೆವು. ಅವನು ಅಂಗಿ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಅತ್ತೆ ಕೊಯ್ದು ಮುಂದೆ ಹೋಗಿದ್ದ ಕೂಳೆಯ ಪಕ್ಕ ಮಲಗಿಸಿಟ್ಟ. ಕೂಳೆ ಅದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೂ ವಾಪಸ್ ತೆವಳಿ, ಬುಡವನ್ನು ಬೇರು ಸಮೇತ ಕೈಯಿಂದ ಕೀಳಬೇಕು. ಧಣಿಯ ಕಾಯ್ದೆ ಅದು. ಯಂತ್ರ ಕೊಯ್ದರೆ ಗೇಣುದ್ದ ಹುಲ್ಲು ಹೊಲದಲ್ಲೇ ಉಳಿಯುತ್ತದೆ, ನಮ್ಮ ಕೈ ಕೊಯ್ದರೆ ಬೋಳಿಸಿದ ತಲೆಯ ಹಾಗೆ ನುಣ್ಣಗಾಗುತ್ತದೆ. ಆ ಹುಲ್ಲೆಲ್ಲ ಲಾರಿ ಹತ್ತಿ ಪಟ್ಟಣದಾಚೆಯ ಕಾರ್ಖಾನೆಯ ಒಲೆಗೆ ಹೋಗುತ್ತದೆ. ಕೊಯ್ಲು ಮುಗಿದ ಮೇಲೆ ಹೆಂಗಸರು ಪೊರಕೆ ಹಿಡಿದು ಹೊಲ ಗುಡಿಸಬೇಕು. ಹೊಲ ಗುಡಿಸುವುದು! ನಗುವವರು ನಗಲಿ, ನಾನು ಎಂಟು ವರ್ಷ ಗುಡಿಸಿದ್ದೇನೆ.

ಮೇಸ್ತ್ರಿ ಬೀಡಿ ಸೇದುವವನಲ್ಲ. ಪೊಟ್ಟಣ ಇಟ್ಟುಕೊಂಡಿದ್ದು ಅಳೆಯುವುದಕ್ಕೇ. ಅದು ಖಾಲಿ ಅಂತಲೇ ನಾವು ಅಂದುಕೊಂಡಿದ್ದೆವು.

ಎಪ್ಪತ್ತರ ಹತ್ತಿರದ ಅತ್ತೆ ಮಂಡಿಯೂರಿ ಬುಡ ಜಗ್ಗಿದಳು. ಬರಲಿಲ್ಲ. ಇನ್ನೊಮ್ಮೆ ಜಗ್ಗಿದಾಗ ಉಗುರಿನ ಸಂದಿಯಿಂದ ರಕ್ತ ಬಂತು, ಬುಡ ಬರಲಿಲ್ಲ.

"ನಿನ್ ಪೊಟ್ಟಣಕ್ಕೆ ಬೆಂಕಿ ಬೀಳ," ಎಂದು ನೆಲಕ್ಕಷ್ಟೇ ಕೇಳುವ ಹಾಗೆ ಬೈದಳು. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ಈ ನೆಲ ಮೊದಲು ಹೀಗಿರಲಿಲ್ಲ. ನಾನು ಸೊಸೆಯಾಗಿ ಬಂದಾಗ ಕಾಲಿಟ್ಟರೆ ಹಿಮ್ಮಡಿ ಹೂತುಕೊಳ್ಳುತ್ತಿತ್ತು, ಒಂದು ಹಿಡಿ ಮಣ್ಣೆತ್ತಿದರೆ ಎರಡು ಎರೆಹುಳ ಒದ್ದಾಡುತ್ತಿದ್ದವು. ಈಗ ನಡೆದರೆ ಹಲಗೆಯ ಮೇಲೆ ನಡೆದ ಸದ್ದು. ಮಳೆ ಬಂದರೆ ನೀರು ಒಳಗಿಳಿಯದೆ ಮೇಲಿನ ಮಣ್ಣನ್ನೇ ಎತ್ತಿಕೊಂಡು ಚರಂಡಿಗೆ ಓಡುತ್ತದೆ. ಬಿಸಿಲು ಬಿದ್ದ ಮೇಲೆ ಗಾಯದ ಹಕ್ಕಳೆಯ ಹಾಗೆ ಪದರ ಕಟ್ಟುತ್ತದೆ, ಮೊಳಕೆ ಅದನ್ನು ಒಡೆಯಲಾರದೆ ಒಳಗೇ ಸಾಯುತ್ತದೆ. ಕಾಳು ವರ್ಷದಿಂದ ವರ್ಷಕ್ಕೆ ಕಡಿಮೆ.

"ತಿನ್ನೋಕೆ ಏನೂ ಬಿಡ್ದೆ ದುಡಿಸಿದ್ರೆ ಮಣ್ಣಾದ್ರೂ ಏನ್ ಮಾಡತ್ತೆ? ಅದೂ ನಮ್ ಥರಾನೇ," ಎನ್ನುತ್ತಿದ್ದಳು ಅತ್ತೆ.

ಅವತ್ತು ಸಂಜೆ ಧಣಿ ನಮ್ಮನ್ನೆಲ್ಲ ಅಂಗಳಕ್ಕೆ ಕರೆಸಿದ. ಜಗಲಿಯ ಮೇಲೆ ಮೇಜು, ಮೇಜಿನ ಮೇಲೆ ಎರಡು ಗಾಜಿನ ಲೋಟ ನೀರು. ಒಂದು ಅವನಿಗೆ, ಇನ್ನೊಂದು ಮಣ್ಣು ಪರೀಕ್ಷೆಯ ಸಾಹೇಬರಿಗೆ. ದಿನವಿಡೀ ಬಿಸಿಲಲ್ಲಿ ಬೆಂದ ನಾವು ಕೆಳಗೆ ಧೂಳಲ್ಲಿ ನಿಂತು ಆ ನೀರನ್ನೇ ನೋಡುತ್ತಿದ್ದೆವು. ಸಾಹೇಬರು ಕಾಗದ ಬಿಡಿಸಿ ಓದಿದರು.

"ಮಣ್ಣಲ್ಲಿ ಏನೂ ದೋಷ ಇಲ್ಲ. ಸತ್ವ ಚೆನ್ನಾಗಿದೆ. ಇಂಥ ಮಣ್ಣನ್ನ ಈ ಸುತ್ತಮುತ್ತಲಲ್ಲೇ ನಾನು ನೋಡಿಲ್ಲ."

"ಕೇಳಿಸ್ತೇನ್ರೋ?" ಧಣಿ ಎದ್ದು ನಿಂತ. "ಮಣ್ಣು ಬಂಗಾರ. ಬೀಜ ನಂದು, ಗೊಬ್ಬರ ನಂದು. ಹಾಳಾಗಿರೋದು ನಿಮ್ ಕೈ. ಮೈಗಳ್ಳ ನನ್ಮಕ್ಳು! ಕೊಯ್ಲು ಮುಗೀಲಿ, ಎಲ್ಲಾ ಮನೆ ಖಾಲಿ ಮಾಡಿ. ಬೇರೆ ಜನ ಬರ್ತಾರೆ."

ಮನೆ ಅಂದರೆ ಹೊಲದಂಚಿನಲ್ಲಿ ಒಂದೇ ತಗಡಿನ ಕೆಳಗಿನ ಒಂಬತ್ತು ಕೋಣೆ. ಕೊಯ್ಲು ಮುಗಿಯಲು ಮೂರು ದಿನವಿತ್ತು.

ಪರೀಕ್ಷೆಗೆ ಆ ಮಣ್ಣು ತಂದುಕೊಟ್ಟವಳು ನಾನು. ತಿಂಗಳ ಹಿಂದೆ ಮೇಸ್ತ್ರಿ ಬಟ್ಟೆಚೀಲ ಎಸೆದು, ಹೊಲದ ನಾಲ್ಕು ಮೂಲೆಯಿಂದಲೂ ನಡುವಿನಿಂದಲೂ ಒಂದೊಂದು ಹಿಡಿ ಮಣ್ಣು ತಾ ಎಂದಿದ್ದ. ಗುದ್ದಲಿ ಹಾಕಿದರೆ ಠಣ್ ಎಂದು ಹಿಂದಕ್ಕೆ ಚಿಮ್ಮಿತು. ನೆತ್ತಿ ಸುಡುತ್ತಿತ್ತು. ನಮ್ಮ ಕೋಣೆಯ ಹಿಂದೆ ಅತ್ತೆ ಕುಂಬಳ ಹಾಕುವ ನಾಲ್ಕು ಮಾರು ಜಾಗವಿದೆ, ಅದೂ ಅದೇ ಹೊಲದ ಅಂಚೇ. ಅಲ್ಲಿ ಗುದ್ದಲಿಯೂ ಬೇಡ, ಕೈಯಿಂದ ಬಾಚಿ ಚೀಲ ತುಂಬಿದೆ. ಸೋಮಾರಿತನ, ಇಲ್ಲವೆನ್ನುವುದಿಲ್ಲ. ಜೊತೆಗೆ ನನ್ನದೊಂದು ದಡ್ಡ ಜಾಣತನವೂ ಇತ್ತು: ಕೆಟ್ಟ ಮಣ್ಣು ತೋರಿಸಿದರೆ ಬೈಗುಳ ನಮಗೇ ತಾನೆ, ಒಳ್ಳೆಯದನ್ನೇ ತೋರಿಸೋಣ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವಳು ಒಲೆ ಊದುವುದನ್ನು ನಿಲ್ಲಿಸಿದಳು.

"ಅಯ್ಯೋ, ನಿನ್ ಬುದ್ಧಿಗಿಷ್ಟು ಮಣ್ಣು ಹಾಕ!" ಎಂದವಳು ನಕ್ಕುಬಿಟ್ಟಳು. "ಹಾಕಿದ್ದೀಯಲ್ಲ, ಚೀಲದ ತುಂಬ."

ನನಗೆ ಅಳು ಬಂತು. "ಹೋಗಿ ನಿಜ ಹೇಳ್ಬಿಡ್ತೀನಿ ಅತ್ತೆ."

"ಏನಂತ? ಒಂದೇ ಹೊಲ, ಅಲ್ಲಿ ಕಲ್ಲು, ಇಲ್ಲಿ ಮಾತ್ರ ಬಂಗಾರ ಹೆಂಗಾಯ್ತು ಅಂತ ಕೇಳ್ತಾನೆ. ಆಗೇನ್ ಹೇಳ್ತೀ?"

ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು. ಎಂಟು ವರ್ಷದಿಂದ ಪ್ರತಿ ಕೊಯ್ಲಿನಲ್ಲೂ ಅತ್ತೆ ಸಂಜೆ ಬರುವಾಗ ಮಡಿಲಲ್ಲಿ ಹುಲ್ಲು ಬಚ್ಚಿಟ್ಟು ತರುತ್ತಿದ್ದಳು. ಹಿತ್ತಿಲಲ್ಲಿ ಹರಡಿ ಮಣ್ಣು ಮುಚ್ಚುತ್ತಿದ್ದಳು. ಹುಲ್ಲು ಕದ್ದವರ ಗತಿಯೂ ಗೊತ್ತಿತ್ತು. ಹೋದ ವರ್ಷ ಆಡಿಗೆಂದು ಒಂದು ಹಿಡಿ ತಂದ ಪಕ್ಕದ ಕೋಣೆಯ ಕುಂಟನಿಗೆ ಅದೇ ಹುಲ್ಲನ್ನು ಬಾಯಲ್ಲಿ ಕಚ್ಚಿಸಿ, ಧಣಿಯ ಅಂಗಳದಲ್ಲಿ ಮಧ್ಯಾಹ್ನವಿಡೀ ನಿಲ್ಲಿಸಿದ್ದರು. ಅವನು ಇವತ್ತಿಗೂ ನಮ್ಮ ಮುಖ ನೋಡಿ ಮಾತಾಡುವುದಿಲ್ಲ.

ಅತ್ತೆ ಒಲೆಯೊಳಗೆ ಸೌದೆ ದೂಡಿದಳು. ಆಮೇಲೆ ಅಂದಳು, "ಬಾಯ್ಮಾತು ಯಾವನೂ ನಂಬಲ್ಲ. ಎರಡು ಹೆಂಟೆ ಮಣ್ಣು ತಗೊಂಡ್ಬಾ. ಒಂದು ಹೊಲದ್ದು, ಒಂದು ನಮ್ದು. ಒಲೆ ಪಕ್ಕ ಒಣಗ್ಲಿ."

ಬೆಳಿಗ್ಗೆ, ರಾತ್ರಿ ಧಣಿಯ ಮನೆಯಲ್ಲೇ ಉಳಿದಿದ್ದ ಸಾಹೇಬರು ಹೊರಡುವ ಮೊದಲೇ ಅಂಗಳಕ್ಕೆ ಹೋದೆವು. ಜಗಲಿಯ ಮೇಲೆ ಅದೇ ಮೇಜು, ಅದೇ ಎರಡು ಲೋಟ. ಅತ್ತೆ ಕಾಲು ಸಹ ಒರೆಸದೆ ಮೆಟ್ಟಿಲು ಹತ್ತಿದಳು.

"ಏಯ್! ಎಲ್ಲಿಗೇ ಹತ್ತುತ್ತೀಯ, ಹಲ್ಕಾ ಮುದುಕಿ?" ಧಣಿ ಗುಡುಗಿದ.

ಅತ್ತೆ ಹೊಲದ ಹೆಂಟೆಯನ್ನು ಧಣಿಯ ಲೋಟದೊಳಗೆ ಹಾಕಿದಳು, ಹಿತ್ತಿಲದ್ದನ್ನು ಸಾಹೇಬರ ಲೋಟಕ್ಕೆ. ಧಣಿಯ ಲೋಟದಲ್ಲಿ ಹೆಂಟೆ ಬುಸುಗುಟ್ಟಿ, ಬಿರಿದು, ನಾವು ನೋಡುತ್ತಿದ್ದಂತೆ ಕುಸಿದು ತಳ ಸೇರಿತು. ನೀರು ರಾಡಿಯಾಯಿತು. ಸಾಹೇಬರ ಲೋಟದಲ್ಲಿ ನಾಲ್ಕು ಗುಳ್ಳೆ ಎದ್ದವು, ಅಷ್ಟೆ. ಹೆಂಟೆ ಹೆಂಟೆಯಾಗಿಯೇ ಇತ್ತು, ನೀರು ತಿಳಿಯಾಗಿತ್ತು.

"ಸಾಹೇಬ್ರೇ, ಚೀಲದಲ್ಲಿ ಬಂದಿದ್ದು ಇದು," ಅತ್ತೆ ಅವರ ಲೋಟ ತೋರಿಸಿದಳು. "ನಮ್ ಹಿತ್ಲದ್ದು. ನಾನು ಹುಲ್ಲು ತಿನ್ನಿಸಿ ಸಾಕಿದ್ದು. ಧಣಿ, ನಿಮ್ ಲೋಟದಲ್ಲಿರೋದು ಹೊಲದ್ದು. ಎರಡಕ್ಕೂ ದುಡಿದಿದ್ದು ಇದೇ ಕೈ. ನೋಡ್ಕೊಳ್ಳಿ."

ಸಾಹೇಬರು ಬಗ್ಗಿ ಲೋಟದೊಳಗೆ ನೋಡಿದರು. "ಹುಲ್ಲು ವಾಪಸ್ ಮಣ್ಣಿಗೆ ಹೋಗ್ದಿದ್ರೆ ಹೀಗೇ ಆಗ…" ಎಂದವರು ಧಣಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಚಪ್ಪಲಿ ಹುಡುಕತೊಡಗಿದರು. ಥೂ, ಓದಿದ ಗಂಡಸು!

"ಅಂದ್ರೆ ನನ್ನ ಹುಲ್ಲು ಕದ್ದಿದ್ದೀಯ," ಎಂದ ಧಣಿ.

"ಕದ್ದಿದ್ದೀನಿ."

ಧಣಿ ಕೂಗಾಡಲಿಲ್ಲ. ಮೆಲ್ಲಗೆ ನಕ್ಕ. ನನಗೆ ಅದಕ್ಕೇ ಭಯವಾಯಿತು.

"ಮೇಸ್ತ್ರಿ, ಆ ಹಿತ್ಲ ಮಣ್ಣನ್ನ ಒಂದು ಹಿಡಿ ಬಿಡದ ಹಾಗೆ ಬಗೆದು ನಮ್ ಗುಲಾಬಿ ಗಿಡಗಳಿಗೆ ಹಾಕ್ಸು. ಈ ಮುದುಕೀನೇ ಹೊರ್ಲಿ. ಇನ್ನೆರಡು ದಿನದಲ್ಲಿ ಎಲ್ಲರೂ ಜಾಗ ಖಾಲಿ ಮಾಡ್ಬೇಕು. ಆ ಲೋಟ ಎರಡೂ ಎಸೀರಿ."

ಮಧ್ಯಾಹ್ನದವರೆಗೆ ಅತ್ತೆ ಎಂಟು ವರ್ಷ ಸಾಕಿದ ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ತಾನೇ ಹೊತ್ತಳು. ಕಿತ್ತುಹಾಕಿದ ಕುಂಬಳದ ಬಳ್ಳಿ ಗೋಡೆ ಪಕ್ಕ ಬಾಡುತ್ತಾ ಬಿದ್ದಿತ್ತು. ಕೊನೆಯ ಬುಟ್ಟಿ ಸುರಿದು ಅವಳು ನೇರ ಹೊಲಕ್ಕೆ ಬಂದು, ಸಾಲಿನಲ್ಲಿ ತನ್ನ ಜಾಗದಲ್ಲಿ ಕೂರಲು ನೋಡಿದಳು. ಕೂರಲಾಗಲಿಲ್ಲ. ನಡು ಹಿಡಿದುಕೊಂಡಿತ್ತು. ಕುಡುಗೋಲು ಹಿಡಿದು ಅರ್ಧ ಬಗ್ಗಿ ನಿಂತಿದ್ದಳು.

"ಬಗ್ಗೇ ಕಳ್ಳಿ!" ಮೇಸ್ತ್ರಿ ಬೆಂಕಿಪೊಟ್ಟಣ ಹಿಡಿದು ಬಂದ.

ನಾನು ಎದ್ದು ನಿಂತೆ. ಮನೆ ಹೇಗೂ ಹೋಗಿತ್ತು. ನಿಂತುಕೊಂಡೇ ಒಂದು ಹಿಡಿ ಗೋಧಿಯನ್ನು ಮೊಣಕಾಲೆತ್ತರಕ್ಕೆ ಕೊಯ್ದೆ. ತೆನೆ ಕೈಗೆ ಬಂತು, ಹುಲ್ಲು ನೆಲದಲ್ಲೇ ಉಳಿಯಿತು. ಇನ್ನೊಂದು ಹಿಡಿ ಕೊಯ್ದೆ.

"ಏನೇ ಇದು? ತಲೆ ಕೆಟ್ಟಿದೆಯೇನೇ?"

"ನಡು ನೋವು ಮೇಸ್ತ್ರಿ. ಬಗ್ಗೋಕಾಗಲ್ಲ."

ಆಚೆ ತುದಿಯಲ್ಲಿ ಕುಂಟ ಕೋಲೂರಿ ಎದ್ದ. "ನಂಗೂ ನಡು ನೋವು ಕಣೋ, ಬೋಳಿಮಗನೆ," ಎಂದು ಮೊಣಕಾಲೆತ್ತರಕ್ಕೆ ಕುಡುಗೋಲು ಬೀಸಿದ. ಆಮೇಲೆ ಅವನ ಹೆಂಡತಿ ಎದ್ದಳು. ಒಬ್ಬೊಬ್ಬರಾಗಿ ಹದಿನಾಲ್ಕು ಜನವೂ ನಿಂತೇ ಕೊಯ್ಯತೊಡಗಿದೆವು. ನಮ್ಮ ಹಿಂದೆ ಒಣ ಹುಲ್ಲು ಮೊಣಕಾಲುದ್ದ ನಿಂತು ಕೋಣೆಗಳ ಕಡೆಗೆ ಅಗಲವಾಗುತ್ತಾ ಹೋಯಿತು.

ಮೇಸ್ತ್ರಿ ಅಭ್ಯಾಸಬಲದಿಂದ ನನ್ನ ಕೂಳೆಯ ಪಕ್ಕ ಬೆಂಕಿಪೊಟ್ಟಣ ಇಟ್ಟ. ಹುಲ್ಲಿನ ನಡುವೆ ಅದು ಕಾಣಿಸಲೇ ಇಲ್ಲ. ತಡಕಾಡಿ ಎತ್ತಿಕೊಂಡ. ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿದ. ನಮ್ಮ ಕೋಣೆಗಳ ಕಡೆಗೆ ಬೀಸುತ್ತಿತ್ತು. ಎಂಟು ವರ್ಷದಲ್ಲಿ ಮೊದಲ ಸಲ ಆ ಪೊಟ್ಟಣ ತೆರೆದ. ಒಳಗೆ ಕಡ್ಡಿಗಳಿದ್ದವು.

"ಹಚ್ಚಪ್ಪ," ಎಂದಳು ಅತ್ತೆ, ಕೊಯ್ಯುವುದನ್ನು ನಿಲ್ಲಿಸದೆ. "ಗಾಳಿ ತಿರುಗಿದ್ರೆ ನಿಂತಿರೋ ಪೈರಿದೆ. ಅದು ನಿನ್ ಧಣೀದು. ನೋಡ್ಕೊಂಡು ಹಚ್ಚು."

ಕಡ್ಡಿ ಅವನ ಬೆರಳಲ್ಲೇ ಇತ್ತು. ರಸ್ತೆಯಲ್ಲಿ ಧಣಿಯ ಜೀಪಿನ ಧೂಳು ಏಳುತ್ತಿತ್ತು. ನಾವು ಮುಂದಿನ ಹಿಡಿಗೆ ಕೈ ಹಾಕಿದೆವು, ಮೊಣಕಾಲೆತ್ತರಕ್ಕೆ.