ನಾನಾ ಕುಣಿದದ್ದು

ಶಾಲನ್ ಸೀರೆಯ ನೆರಿಗೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು ಮಣ್ಣು ತುಳಿಯುತ್ತಿದ್ದಳು. ಹಿಮ್ಮಡಿ ಊರಿ, ಬೆರಳು ಒತ್ತಿ, ಕಾಲು ಕಿತ್ತಾಗಲೆಲ್ಲ ಕೆಸರು ಲೊಚಗುಟ್ಟುತ್ತಿತ್ತು. ಮಗ ಅವಧೂತ ಬಿದಿರಿನ ಪುಟ್ಟಿಯಿಂದ ಗೋಧಿ ಹೊಟ್ಟು ಎರಚುತ್ತಿದ್ದ. ಎರಚುವುದೆಂದರೆ ಒಂದೇ ಕಡೆ ಸುರಿಯುತ್ತಿದ್ದ.

"ಹರಡಿ ಹಾಕೋ. ಗ್ವಾಡಿಗೆ ಹಾಕಾಕತ್ತೀವಿ, ಎಮ್ಮಿಗಲ್ಲ."

"ಶ್ರಾವಣದಾಗ ಯಾರರೆ ಮಣ್ಣಿನ ಗ್ವಾಡಿ ಎತ್ತತಾರೇನವ್ವ? ಊರ ಮಂದಿ ನಗಾಕತ್ಯಾರ."

"ನಗಲಿ. ಬಾಯಿ ತೆರದಿದ್ರ ಹೊಟ್ಟಿ ತಣ್ಣಗಿರತೈತಿ."

ನಾಲ್ಕು ದಿನದಿಂದ ಮಳೆ ಬಿಟ್ಟಿತ್ತು. ಬೀದಿ ಕಡೆಯ ಗೋಡೆ ಇದ್ದ ಜಾಗದಲ್ಲಿ ಒಂದು ವರ್ಷದಿಂದ ನೀಲಿ ತಾಡಪಾಲು ಇಳಿಬಿದ್ದಿತ್ತು. ಗಾಳಿ ಬೀಸಿದರೆ ಅದು ಒಳಗೆ ಉಬ್ಬಿಕೊಂಡು, ಒಲೆಯ ಮುಂದೆ ಕೂತವಳ ಬೆನ್ನಿಗೆ ಬಡಿಯುತ್ತಿತ್ತು. ಅವಳು ತುಳಿಯುತ್ತಿದ್ದದ್ದು ಬಿದ್ದ ಗೋಡೆಯದೇ ಮಣ್ಣು. ಹಿತ್ತಲಿನಲ್ಲಿ ಗುಡ್ಡೆ ಹಾಕಿದ್ದರು. ಒಂದಿಷ್ಟು ಮಳೆಗೆ ಹೋಗಿ, ಉಳಿದದ್ದು ಗಟ್ಟಿಯಾಗಿತ್ತು. ಅದನ್ನೇ ಗುದ್ದಲಿಯಿಂದ ಒಡೆದು ನೆನೆ ಹಾಕಿದ್ದಳು.

ತಾಡಪಾಲನ್ನು ಸರಿಸಿ, ತಲೆ ಬಗ್ಗಿಸಿ ತಾತ್ಯಾ ಒಳಗೆ ಬಂದ. ಹಿಂದಿನ ಸರಪಂಚ, ಈಗ ಸರಪಂಚನಲ್ಲದಿದ್ದರೂ ಊರಿನವರು ಮಾತು ಮುಗಿಸುವುದು ಅವನ ಮುಖ ನೋಡಿಕೊಂಡೇ. ಅವನ ಬೆನ್ನಿಗೆ ಗಣಪತಿ ಮಂಡಳದ ಅಧ್ಯಕ್ಷ ಧೈರ್ಯಶೀಲ. ಅವಳ ಗಂಡ ನಾನಾನ ಹನ್ನೊಂದನೆಯ ದಿನದ ಊಟ ಉಂಡು ಹೋದವರು ಈ ಅಂಗಳಕ್ಕೆ ಮತ್ತೆ ಕಾಲಿಟ್ಟದ್ದು ಇವತ್ತೇ.

"ಶಾಲನ್‌ಬಾಯಿ, ಬಿಸಿಲ ನೋಡಿ ಮೋಸ ಹೋಗಬ್ಯಾಡ," ಎಂದ ತಾತ್ಯಾ. "ನಾಡದ ಮಳಿ ಬಂತಂದ್ರ ನೀ ಕಟ್ಟಿದ್ದೆಲ್ಲಾ ಓಣ್ಯಾಗ ಹರಕೊಂಡ ಹೋಗ್ತೈತಿ."

"ಹೋದ್ರ ಮತ್ತ ತುಂಬಕೊಂಡ ಬರ್ತೀನ್ರಿ. ಮಣ್ಣು ನಮ್ಮದ ಐತಲ್ಲ."

ಅವಧೂತ ಓಡಿಹೋಗಿ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ತಾತ್ಯಾ ಕೂತು, "ಚಾ ಬ್ಯಾಡವಾ, ಈಗರೆ ಕುಡದ ಬಂದೀವಿ," ಎಂದ. ಚಹಾ ಬೇಕೇ ಎಂದು ಯಾರೂ ಕೇಳಿರಲಿಲ್ಲ.

ಮರುದಿನ ಗ್ರಾಮಸಭೆಯಿತ್ತು. ಹೋದ ವರ್ಷದ ಗಣಪತಿ ವಿಸರ್ಜನೆಯ ಮರುವಾರ, ಊರ ಸೀಮೆಯೊಳಗೆ ಡಿಜೆ ಹಚ್ಚಕೂಡದೆಂದು ಇದೇ ಗ್ರಾಮಸಭೆ ಠರಾವು ಮಾಡಿತ್ತು. ಅವತ್ತು ಎಲ್ಲರ ಕೈಯೂ ಮೇಲೆದ್ದಿತ್ತು. ಅಷ್ಟು ಹೊತ್ತಿಗೆ ಹೆಣ ಹೊತ್ತ ಹೆಗಲಿನ ನೋವು ಯಾರಿಗೂ ಆರಿರಲಿಲ್ಲ. ವರ್ಷ ಕಳೆಯುವುದರೊಳಗೆ ಆ ಠರಾವು ಊರಿಗೆ ಕಚ್ಚುವ ಚಪ್ಪಲಿಯಾಯಿತು. ನೆರೆ ಊರಿನ ಮದುವೆ ದಿಬ್ಬಣಗಳು ಸೀಮೆಯ ಬೇವಿನಮರದ ತನಕ ಕುಣಿಯುತ್ತ ಬಂದು, ಅಲ್ಲಿ ಡಿಜೆ ಪೆಟ್ಟಿಗೆಗಳ ಬಾಯಿ ಮುಚ್ಚಿಸಿ, ಊರು ದಾಟುವ ತನಕ ಬೇಕೆಂದೇ ಗಂಟಲು ಕೆರೆಯುತ್ತ ನಡೆಯುತ್ತಿದ್ದವು. ಚಹಾದಂಗಡಿಯಲ್ಲಿ ಅವಧೂತನಿಗೆ ಹೊಸ ಹೆಸರು ಬಿದ್ದಿತ್ತು. ಸೈಲೆಂಟ್. "ಏ, ಸೈಲೆಂಟ್ ಬಂದ, ಮೆಲ್ಲಕ ಉಸರಾಡ್ರಲೇ."

"ನಾಳಿನ ಸಭಾದಾಗ ಆ ಠರಾವು ತಗದ ಹಾಕಬೇಕಂತ ಮಾಡೀವಿ," ಎಂದ ತಾತ್ಯಾ. "ಮಂದಿ ಎಲ್ಲಾ ಹೂಂ ಅಂತಾರ. ಆದ್ರ ನಿನ್ನ ಮಾರಿ ನೋಡ್ತಾರ. ಪೊಲೀಸ್ ಠಾಣಾದ ಫೌಜದಾರನೂ ಹಂಗ ಅಂದ. ಆ ಮನಿಯಾಕಿದ ತಕರಾರಿಲ್ಲಂದ್ರ ನಾ ಯಾಕ ನಡುವ ಬರ್ಲಿ ಅಂತ."

"ನಾ ಏನ ಹೇಳಬೇಕ್ರಿ?"

"ಇದ್ದದ್ದ ಹೇಳು. ಗ್ವಾಡಿ ಹಳೇದಿತ್ತು. ವಾರದಿಂದ ಮಳಿ ಹತ್ತಿತ್ತು. ಬಿತ್ತು."

"ಬಿತ್ತು. ಅಷ್ಟ?"

"ಅಷ್ಟ." ತಾತ್ಯಾ ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡ. ಒಂದು ಕಾಲು ಮಣ್ಣಲ್ಲಿ ಇಳಿದು ಕುರ್ಚಿ ವಾಲಿತು. "ಗ್ವಾಡಿ ನಮಗ ಬಿಡು. ಇಟ್ಟಂಗಿ, ಸಿಮೆಂಟು ಎಲ್ಲಾ ಮಂಡಳದ್ದು. ಹುಡುಗೂರ ಬಂದು ಕಟ್ಟಿ ಕೊಡ್ತಾರ. ಮತ್ತ, ಈ ಸಲ ಮೊದಲನೇ ದಿನದ ಮೊದಲ ಆರತಿ ನಿನ್ನ ಕೈಲೆ. ಗಂಡ ಸತ್ತಾಕಿಗೆ ತಾಟ ಕೊಡೂದು ಈ ಊರಾಗ ಯಾವಾಗರೆ ಆಗೇತೇನ? ನಾ ಮುಂದ ನಿಂತು ಕೊಡಸ್ತೀನಿ."

ಶಾಲನ್ ಕಾಲು ಕಿತ್ತು, ಬೇರೆ ಕಡೆ ಊರಿದಳು. ಹೋದ ವರ್ಷ ವಿಸರ್ಜನೆಯ ದಿನ ಅವಳು ಆರತಿ ತಾಟು ಹಿಡಿದುಕೊಂಡು ಎದುರು ಮನೆಯ ಕಟ್ಟೆಯ ಮೇಲೆ ನಿಂತಿದ್ದಳು. ಕಬ್ಬು ಹೇರಿದ ಟ್ರಾಲಿಯಷ್ಟು ಎತ್ತರಕ್ಕೆ ಪೆಟ್ಟಿಗೆ ಪೇರಿಸಿಕೊಂಡು ಟ್ರ್ಯಾಕ್ಟರು ಮನೆಯ ಮುಂದೆ ಬಂದು ನಿಂತಿತ್ತು. ಅದರ ಆಚೆಗೆ ಏನು ನಡೆಯುತ್ತಿದೆಯೆಂದು ಅವಳಿಗೆ ಕಾಣುತ್ತಿರಲಿಲ್ಲ. ತಾಟಿನಲ್ಲಿ ಅಕ್ಕಿಕಾಳು ತಾವೇ ಎದ್ದು ಕೂರುತ್ತಿದ್ದವು. ಟ್ರಾಲಿಯ ಮೇಲುಗಡೆ ಗೋಡೆಯ ತಲೆ ಕಾಣುತ್ತಿತ್ತು. ನೋಡುತ್ತಿದ್ದಂತೆ ಅದು ಇರಲಿಲ್ಲ. ಅಷ್ಟು ದೊಡ್ಡ ಗೋಡೆ ಬಿದ್ದದ್ದಕ್ಕೆ ಒಂದಿಷ್ಟೂ ಸದ್ದಾಗಲಿಲ್ಲ. ಧೂಳು ಎದ್ದದ್ದನ್ನು ಎಲ್ಲರೂ ಗುಲಾಲು ಎಂದುಕೊಂಡರು.

ನಾನಾ ಕುಣಿದನಂತೆ. ಮಣ್ಣು ಕೊಡಲು ಬಂದವರೆಲ್ಲ ಅದನ್ನೇ ಹೇಳಿ ಸಮಾಧಾನ ಮಾಡಿದ್ದರು. ಸ್ವಂತ ಮದುವೆಯಲ್ಲೂ ಹೆಜ್ಜೆ ಹಾಕದಿದ್ದ ಮನುಷ್ಯ ಹುಡುಗರ ನಡುವೆ ಬಂದು ಎರಡೂ ಕೈ ಎತ್ತಿ ಕುಣಿದ; ಒಳಗೆ ಹೋದ; ಗೋಡೆ ಬಿತ್ತು. ಎಮ್ಮೆ ಮಾತ್ರ ಹೇಗೋ ಹಗ್ಗ ಕಳಚಿಕೊಂಡು ಹಿತ್ತಲಿಗೆ ಓಡಿ ಉಳಿಯಿತು. ಕುಣಿದದ್ದನ್ನು ಶಾಲನ್ ನೋಡಿರಲಿಲ್ಲ. ಆದರೆ ಈ ವರ್ಷವಿಡೀ ಬೆನ್ನಿಗೆ ತಾಡಪಾಲು ಬಡಿದಾಗಲೆಲ್ಲ ಅವನು ಹೇಗೆ ಕುಣಿದಿದ್ದಿರಬಹುದು ಎಂದು ಮನಸ್ಸಿನಲ್ಲೇ ಕುಣಿಸಿ ನೋಡುತ್ತಿದ್ದಳು. ಒಮ್ಮೊಮ್ಮೆ ನಗುವೂ ಬರುತ್ತಿತ್ತು.

"ಹೂಂ ಅನ್ನವ್ವಾ," ಎಂದ ಅವಧೂತ. ಪುಟ್ಟಿಯನ್ನು ಎದೆಗೆ ಅವಚಿಕೊಂಡಿದ್ದ. "ಊರಾಗ ನಾನೂ ಒಂದೀಟು ಮಾರಿ ಎತ್ತಿ ಅಡ್ಡಾಡಬೇಕಲ್ಲ."

ಧೈರ್ಯಶೀಲ ಜೇಬಿನಿಂದ ಮೊಬೈಲು ತೆಗೆದ. "ಕಾಕು, ಒಂದ ನೋಡ್ರಿ. ಪೊಲೀಸರ ಅಂಜಿಕಿಗೆ ಉಳದವ್ರೆಲ್ಲಾ ಅಳಿಸ್ಯಾರ. ನನ್ನ ಹತ್ರ ಒಂದ ಉಳದೈತಿ. ನಾನಾ ನಮ್ಮ ಜೋಡಿ ಎಷ್ಟ ಖುಷಿಲೆ ಕುಣದಾನ ನೋಡ್ರಿ. ಡಿಜೆಕ್ಕ ಅಂವಂದ ತಕರಾರ ಇರಲಿಲ್ಲ ಅಂತ ಇದರಾಗ ಕಾಣತೈತಿ. ನಾಳೆ ಸಭಾದಾಗೂ ತೋರಸಾವ್ರ ಅದೀವಿ."

ಅವಳು ಕೆಸರಿನಿಂದ ಹೊರಗೆ ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು. ಅವಧೂತ "ನಾ ಆಮ್ಯಾಲ ನೋಡ್ತೀನಿ" ಎಂದರೂ ಹೋಗದೆ ಅವಳ ಹೆಗಲ ಹಿಂದೆ ಬಂದು ನಿಂತ.

ಮೊಬೈಲು ಒಮ್ಮೆಲೇ ಒದರಿತು. ಆ ಹೊಡೆತಕ್ಕೆ ಹುಡುಗರ ತಲೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಅವರ ನಡುವೆ ಬನಿಯನ್, ಪಟ್ಟೆಯ ಚಡ್ಡಿಯಲ್ಲಿ ನಾನಾ. ತಲೆಯ ಮೇಲೆ ಎರಡೂ ಕೈ ಎತ್ತಿ ಆ ಕಡೆ, ಈ ಕಡೆ. ಹೊಡೆತಕ್ಕೆ ಸರಿಯಾಗಿ ಆ ಕಡೆ, ಈ ಕಡೆ. ಸಿಳ್ಳೆ ಬಿದ್ದವು. ಯಾರೋ "ನಾನಾ! ನಾನಾ!" ಎಂದು ಕೂಗಿದರು.

"ನೋಡ, ಹೆಂಗ ಕುಣಿತಾನ ಮಗ," ಎಂದು ತಾತ್ಯಾ ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ. ಶಾಲನ್ನಳ ಬಾಯಿಯ ಮೂಲೆಯೂ ಸ್ವಲ್ಪ ಸಡಿಲವಾಯಿತು.

"ಇನ್ನೊಮ್ಮೆ ಹಚ್ಚಪಾ," ಎಂದಳು. "ದನಿ ಬ್ಯಾಡ. ಅದನ್ನ ಕೇಳಿದ್ರ ಎದಿ ಹಾರತೈತಿ ನಂದು."

ಧೈರ್ಯಶೀಲ ದನಿ ಬಂದ್ ಮಾಡಿ ಹಚ್ಚಿದ.

ಈಗ ಆ ಕೈಗಳಿಗೆ ಹೊಂದಿಕೊಳ್ಳಲು ಹೊಡೆತವಿರಲಿಲ್ಲ. ಅಂಗೈಗಳು ಮುಂದಕ್ಕೆ ತಿರುಗಿದ್ದವು. ನಾನಾ ಹಿಂದೆ ಹೊರಳಿ ಗೋಡೆಯ ತಲೆಯನ್ನು ತೋರಿಸಿದ. ಟ್ರ್ಯಾಕ್ಟರನ್ನು ತೋರಿಸಿದ. ಮತ್ತೆ ಎರಡೂ ಕೈ ಎತ್ತಿದ. ಅವನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಒಂದೇ ಮಾತನ್ನು ಹೇಳುತ್ತಿದ್ದನೆಂದು ಯಾರಿಗಾದರೂ ಗೊತ್ತಾಗುವಂತಿತ್ತು. ಸುತ್ತ ಹುಡುಗರು ಯಾವ ಕಾರಣವೂ ಇಲ್ಲದೆ ಏಳುತ್ತಿದ್ದರು, ಬೀಳುತ್ತಿದ್ದರು. ಪಕ್ಕದಿಂದ ಒಂದು ಕೈ ಬಂದು ಆ ತೆರೆದ ಬಾಯಿಗೆ ಹಿಡಿ ಗುಲಾಲು ಎರಚಿತು. ಆ ಕೈಯ ಮಣಿಕಟ್ಟಿನಲ್ಲಿ ತಾಮ್ರದ ಕಡಗವಿತ್ತು. ನಾನಾ ಬಗ್ಗಿ ಉಗುಳಿದ. ಯಾರೋ ಅವನ ಸೊಂಟ ಹಿಡಿದು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದರು. ಕಾಲು ನೆಲಕ್ಕೆ ತಾಕಿದ ಮೇಲೆ ಅವನು ಯಾರನ್ನೂ ನೋಡಲಿಲ್ಲ. ಗೋಡೆಯ ತಲೆಯತ್ತ ಒಮ್ಮೆ ಕಣ್ಣು ಹಾಯಿಸಿ, ಬಾಗಿಲಲ್ಲಿ ಬಗ್ಗಿ, ಎಮ್ಮೆ ಕಟ್ಟಿದ ಕಡೆಗೆ ಒಳಗೆ ಹೋದ.

ಅಲ್ಲಿಗೆ ಮುಗಿಯಿತು.

ಹಿತ್ತಲಲ್ಲಿ ಎಮ್ಮೆ ಕಿವಿ ಬಡಿದುಕೊಂಡಿತು. ಧೈರ್ಯಶೀಲ ಮೊಬೈಲನ್ನು ಹಾಗೇ ಹಿಡಿದುಕೊಂಡಿದ್ದ.

"ಕಾಕು," ಎಂದ. "ಇದನ್ನ ಭಾಳ ಸಲ ನೋಡೇನಿ ನಾ. ದೇವರಾಣಿ, ಹಿಂಗ ಕಂಡಿದ್ದಿಲ್ಲ."

ಶಾಲನ್ ಹಿಂದಿರುಗಿ ನೋಡಿದಳು. ಅವಧೂತ ಪುಟ್ಟಿಯನ್ನು ಕೆಳಗಿಟ್ಟಿದ್ದ. ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಿದ್ದ. ಬೆರಳ ಸಂದಿಯಲ್ಲಿ ತಾಮ್ರದ ಕಡಗ ಕಾಣುತ್ತಿತ್ತು.

"ಅಳಿಸಿಬಿಡು ದಾದಾ," ಎಂದ ಅವಧೂತ. ಧೈರ್ಯಶೀಲ ಅಲುಗಲಿಲ್ಲ. "ಅಳಿಸಂದ್ರ ಅಳಿಸ. ಕಾಲ ಬೀಳ್ತೀನಿ."

ತಾತ್ಯಾ ಕುರ್ಚಿಯಿಂದ ಎದ್ದ. "ಹೌದ, ಅದೊಂದ ಯಾಕ ಬೇಕ ಈಗ? ಆದದ್ದ ಆಗಿ ಹೋತು, ಶಾಲನ್‌ಬಾಯಿ. ನೀ ಸಭಾಕ್ಕ ಬರೂದೂ ಬ್ಯಾಡ, ಮಾತಾಡೂದೂ ಬ್ಯಾಡ. ಸುಮ್ಮನ ಮನ್ಯಾಗಿದ್ರ ಆತು. ಗ್ವಾಡಿ ಕೆಲಸ ನಾಳಿಂದನ ಹಚ್ಚಸ್ತೀನಿ. ಹುಡುಗನ ಮಾರಿ ನೋಡರೆ ನೋಡವಾ. ಇದನ್ನ ಯಾರೂ ನೋಡೇ ಇಲ್ಲ ಅಂತ ತಿಳಕೊಳ್ಳೋಣ."

ಧೈರ್ಯಶೀಲ ಮೊಬೈಲನ್ನು ಅವಳ ಮುಂದೆ ಹಿಡಿದ.

"ನಿಮ್ಮ ಕೈಲೇ ಆಗ್ಲಿ ಕಾಕು. ಇಲ್ಲಿ ಒತ್ತಿದ್ರ ಹೋತು."

ಶಾಲನ್ ಮಗನನ್ನು ನೋಡಿದಳು. ಅವನ ಮೊಣಕೈ ತನಕ ಹೊಟ್ಟು ಅಂಟಿಕೊಂಡಿತ್ತು. ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಒಂದು ಕಾಲನ್ನು ಮಣ್ಣಿನೊಳಕ್ಕೆ ಇಳಿಸಿದಳು, ಆಮೇಲೆ ಇನ್ನೊಂದನ್ನು.

"ಬ್ಯಾಡ," ಎಂದಳು. "ಇರ್ಲಿ ಅದು."